ರೈಫಲ್ ತೋಟಾದ ಹಿತ್ತಾಳೆ ಕೊಳವೆ: ಅಳತೆ ಮತ್ತು ಕತ್ತರಿಕೆ

ರೈಫಲ್ ತೋಟಾದಲ್ಲಿ ನಾಲ್ಕು ಭಾಗಗಳಿವೆ: ಕಿಡಿ ಹೊತ್ತಿಸುವ ಕೇಪು, ಉರಿಯುವ ಮದ್ದು, ಹಾರುವ ಗುಂಡು, ಈ ಮೂರನ್ನೂ ಒಟ್ಟಾಗಿ ಹಿಡಿದಿಡುವ ಹಿತ್ತಾಳೆಯ ಕೊಳವೆ. ಈಡು ಹಾರಿದ ಮೇಲೆ ಮೊದಲ ಮೂರು ಮುಗಿದುಹೋಗುತ್ತವೆ. ಕೊಳವೆ ಮಾತ್ರ ಉಳಿಯುತ್ತದೆ. ಅದನ್ನು ತೊಳೆದು, ಹಿಗ್ಗಿದ ಮೈಯನ್ನು ಮತ್ತೆ ಅಳತೆಗೆ ತಂದು, ಹೊಸ ಕೇಪು, ಮದ್ದು, ಗುಂಡು ಸೇರಿಸುವುದೇ ತೋಟಾದ ಮರುತುಂಬುವಿಕೆ. ಈ ಕೆಲಸದಲ್ಲಿ ಕೊಳವೆಯ ಉದ್ದವನ್ನು ಅಳೆಯುವುದು ಮತ್ತು ಹೆಚ್ಚಾದ ಉದ್ದವನ್ನು ಕತ್ತರಿಸುವುದು ಹೊರಗಿನಿಂದ ನೋಡುವವರಿಗೆ ಚಿಲ್ಲರೆ ಕೆಲಸವಾಗಿ ಕಾಣುತ್ತದೆ. ಆದರೆ ಬಳಸುವವನ ಕಣ್ಣು, ಕೈ, ಪ್ರಾಣಗಳ ಸುರಕ್ಷತೆ ನಿಂತಿರುವುದು ಈ ಹಂತದ ಮೇಲೆಯೇ. ತೋಟಾದ ಬಾಯಿಯಲ್ಲಿ ಕಾಲು ಮಿಲಿಮೀಟರ್ ಹೆಚ್ಚಾದರೆ ನಳಿಗೆಯೊಳಗಿನ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು.

ಕನ್ನಡ ಓದುಗರಿಗೆ ರೈಫಲ್ ಮತ್ತು ತೋಟಾಗಳ ಲೋಕ ಹೆಚ್ಚಾಗಿ ಪರಿಚಯವಾದದ್ದು ಬೇಟೆಯ ಬರಹಗಳ ಮೂಲಕ. ಧರ್ಮಪುರಿ ಜಿಲ್ಲೆಯ ಪೆನ್ನಾಗರಂ, ಹೊಗೇನಕಲ್ಲು, ಅದರಾಚೆಯ ಅಂಚೆಟ್ಟಿ, ಜವಳಗಿರಿಯ ಕಾಡುಗಳು ಆ ಬರಹಗಳ ಮುಖ್ಯ ನೆಲೆಗಳು. ಅಲ್ಲಿ ಓಡಾಡಿದ ಒಂದು ರೈಫಲ್‌ನ ತೋಟಾ ಈ ಲೇಖನದ ಮುಖ್ಯ ಉದಾಹರಣೆ.

ಕೊಳವೆಯ ರಚನೆ

ಕೊಳವೆಯ ತಳಭಾಗಕ್ಕೆ ಬುಡ ಎನ್ನಬಹುದು. ಗೋಡೆ ಅಲ್ಲಿ ಅತ್ಯಂತ ದಪ್ಪ. ಬುಡದ ನಡುವೆ ಕೇಪು ಕೂರುವ ಗುಳಿ ಇರುತ್ತದೆ, ಗುಳಿಯಿಂದ ಒಳಕ್ಕೆ ಬೆಂಕಿ ಹಾಯುವ ಕಂಡಿ ಇರುತ್ತದೆ. ಬುಡದ ಸುತ್ತ ಹೊರಚಾಚಿದ ಅಂಚು, ಅಂದರೆ ರಿಮ್, ಅಥವಾ ಕೊರೆದ ತೋಡು ಇರುತ್ತದೆ. ರೈಫಲ್‌ನ ಕೊಕ್ಕೆ ಇದನ್ನೇ ಹಿಡಿದು ಖಾಲಿ ಕೊಳವೆಯನ್ನು ಹೊರಗೆಳೆಯುತ್ತದೆ. ಬುಡದಿಂದ ಮೇಲಕ್ಕೆ ಒಡಲು, ಒಡಲು ಕಿರಿದಾಗುವಲ್ಲಿ ಭುಜ, ಅದರಾಚೆ ಗುಂಡನ್ನು ಬಿಗಿಹಿಡಿಯುವ ಕತ್ತು, ಕೊನೆಗೆ ಬಾಯಿ. ಕೆಲವು ತೋಟಾಗಳಿಗೆ ಭುಜವಿಲ್ಲ. ಬುಡದಿಂದ ಬಾಯಿಯವರೆಗೆ ಸ್ವಲ್ಪವೇ ಕಿರಿದಾಗುತ್ತ ಹೋಗುವ ಇವನ್ನು ನೇರ ಕೊಳವೆಗಳೆನ್ನುತ್ತಾರೆ.

ಲೋಹ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವಿನ ಹಿತ್ತಾಳೆ. ಹಿತ್ತಾಳೆಯ ದುಂಡು ಬಿಲ್ಲೆಯನ್ನು ಮೊದಲು ಬಟ್ಟಲಾಗಿ ಒತ್ತಿ, ಆಮೇಲೆ ಹಂತ ಹಂತವಾಗಿ ಎಳೆದು ಉದ್ದ ಮಾಡುತ್ತಾರೆ. ಪ್ರತಿ ಎಳೆತಕ್ಕೂ ಲೋಹ ಗಡುಸಾಗುವುದರಿಂದ ನಡುನಡುವೆ ಕಾಯಿಸಿ ಮೆತ್ತಗಾಗಿಸಬೇಕು. ಬುಡ ಗಡುಸಾಗಿಯೂ ಕತ್ತು ಮೆತ್ತಗೂ ಇರುವ ಕೊಳವೆಯೇ ಒಳ್ಳೆಯ ಕೊಳವೆ.

ಹಿತ್ತಾಳೆಯನ್ನು ಆರಿಸಲು ಕಾರಣ ಅದರ ಸ್ಥಿತಿಸ್ಥಾಪಕ ಗುಣ. ಒತ್ತಡ ಏರಿದಾಗ ಅದು ಹಿಗ್ಗಿ, ನಳಿಗೆಯಲ್ಲಿ ತೋಟಾ ಕೂರುವ ಗೂಡಿನ ಗೋಡೆಗೆ ಅಂಟಿಕೊಳ್ಳುತ್ತದೆ, ಬಿಸಿ ಅನಿಲ ಹಿಂದಕ್ಕೆ ಸೋರಿ ಬೇಟೆಗಾರನ ಮುಖಕ್ಕೆ ಬಡಿಯದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ಕೂದಲೆಳೆಯಷ್ಟು ಕುಗ್ಗಿ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ. ಹಿಗ್ಗಿ ಮತ್ತೆ ಕುಗ್ಗುವ ಈ ಗುಣವಿಲ್ಲದಿದ್ದರೆ ಖಾಲಿ ಕೊಳವೆ ಗೂಡಿನಲ್ಲೇ ಸಿಕ್ಕಿಬೀಳುತ್ತಿತ್ತು.

ಬೆಳವಣಿಗೆ

ಶ್ರೀರಂಗಪಟ್ಟಣದ ಟಿಪ್ಪುವಿನ ಕಾರ್ಖಾನೆಗಳಲ್ಲಿ ತಯಾರಾದ ಬಂದೂಕುಗಳಿಗೆ ಕೊಳವೆಯೇ ಇರಲಿಲ್ಲ. ಚಕಮಕಿ ಕಲ್ಲಿನ ಕಿಡಿ, ಬಾಯಿಂದ ಸುರಿದ ಮಸಿಮದ್ದು, ಗಜದಿಂದ ಜಡಿದ ಗುಂಡು, ಇಷ್ಟೇ ಸಾಮಗ್ರಿ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಬಾರಾಮಹಲ್ ಸೀಮೆ ಮೈಸೂರಿನಿಂದ ಕಂಪನಿಯ ಕೈಗೆ ಹೋದಾಗ ಎರಡೂ ಕಡೆಯ ಸಿಪಾಯಿಗಳು ಹಿಡಿದಿದ್ದದ್ದು ಇಂಥ ಕೋವಿಗಳನ್ನೇ. ಈಗಿನ ಧರ್ಮಪುರಿ, ಕೃಷ್ಣಗಿರಿಗಳು ಆ ಸೀಮೆಯಲ್ಲಿ ಸೇರಿದ್ದವು. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಚಕಮಕಿಯ ಜಾಗಕ್ಕೆ ತಾಮ್ರದ ಕೇಪು ಬಂತು. ಮಲೆನಾಡು, ಕೊಡಗುಗಳಲ್ಲಿ ಇಂದಿಗೂ ಮಾತಿನಲ್ಲಿರುವ ‘ಕೇಪಿನ ಕೋವಿ’ ಇದೇ. ಅದಕ್ಕೆ ಎದುರಾಗಿ, ಹಿಂಬದಿಯಿಂದ ತುಂಬುವ ಕೋವಿಗೆ ‘ತೋಟಾ ಕೋವಿ’ ಎನ್ನುತ್ತಾರೆ.

ಬುಡದ ನಡುವೆ ಕೇಪಿರುವ ತೋಟಾ ಗಟ್ಟಿಯಾಗಿ ನೆಲೆಗೊಂಡದ್ದು 1860ರ ದಶಕದಲ್ಲಿ. ಇಂಗ್ಲೆಂಡಿನ ವುಲಿಚ್ ಪ್ರಯೋಗಶಾಲೆಯ ಮೇಲ್ವಿಚಾರಕ ಎಡ್ವರ್ಡ್ ಬಾಕ್ಸರ್ ಮತ್ತು ಅಮೆರಿಕದ ಹೈರಮ್ ಬರ್ಡನ್ 1866ರ ಸುಮಾರಿಗೆ ಎರಡು ಬಗೆಯ ಕೇಪುಗಳನ್ನು ರೂಪಿಸಿದರು. ಬಾಕ್ಸರ್ ಬಗೆಯಲ್ಲಿ ಬೆಂಕಿ ಹಾಯಲು ನಡುವೆ ಒಂದೇ ಕಂಡಿ ಇರುತ್ತದೆ, ಸುಟ್ಟ ಕೇಪನ್ನು ಒಳಗಿನಿಂದ ಒಂದು ಸೂಜಿಕಡ್ಡಿಯಿಂದ ತಳ್ಳಿ ತೆಗೆಯಬಹುದು. ಬರ್ಡನ್ ಬಗೆಯಲ್ಲಿ ಕಂಡಿಗಳು ಎರಡಿದ್ದು ನಡುವೆ ಅಡಿಗಲ್ಲಿನಂಥ ಉಬ್ಬಿರುವುದರಿಂದ ಕೇಪು ತೆಗೆಯುವುದು ತೊಡಕಿನ ಕೆಲಸ. ಬ್ರಿಟಿಷರ ಬಾಕ್ಸರ್ ಕೇಪು ಅಮೆರಿಕದಲ್ಲಿ ನೆಲೆಯೂರಿತು. ಅಮೆರಿಕದವನ ಬರ್ಡನ್ ಕೇಪು ಯುರೋಪಿನಲ್ಲಿ ಹರಡಿತು. ಮನೆಯಲ್ಲೇ ತೋಟಾ ತುಂಬಿಕೊಳ್ಳುವ ಹವ್ಯಾಸ ಅಮೆರಿಕದಲ್ಲಿ ದಟ್ಟವಾಗಿ ಬೆಳೆಯಲು ಇದೂ ಒಂದು ಕಾರಣ. .22 ಬೋರಿನ ಸಣ್ಣ ತೋಟಾಗಳಲ್ಲಿ ಕಿಡಿಮದ್ದು ರಿಮ್‌ನ ಒಳಗೇ ಇರುವುದರಿಂದ ಅವನ್ನು ಮರುತುಂಬುವಂತಿಲ್ಲ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ ಮೇಲೆ ಕೊಳವೆ ತಡೆಯಬೇಕಾದ ಒತ್ತಡ ಹಲವು ಪಟ್ಟು ಏರಿತು. ಮಸಿಮದ್ದಿನ ಕಾಲದಲ್ಲಿ ಸಣ್ಣಪುಟ್ಟ ಅಳತೆಯ ತಪ್ಪುಗಳು ನಡೆದುಹೋಗುತ್ತಿದ್ದವು. ಹೊಸ ಮದ್ದಿನೊಡನೆ ಅಳತೆಯ ಶಿಸ್ತು ಕಡ್ಡಾಯವಾಯಿತು. ಇಂದಿನ .308 ವಿಂಚೆಸ್ಟರ್ ತೋಟಾಕ್ಕೆ ಅಮೆರಿಕದ ಮಾನಕ ಸಂಸ್ಥೆ ನಿಗದಿಪಡಿಸಿದ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡು, ಅಂದರೆ ವಾಯುಮಂಡಲದ ಒತ್ತಡದ ನಾಲ್ಕು ಸಾವಿರ ಪಟ್ಟಿಗೂ ಹೆಚ್ಚು.

ಪೆನ್ನಾಗರಂ ಸೀಮೆಯ .405

ಬೇಟೆಯ ಬರಹಗಾರ ಕೆನೆತ್ ಆಂಡರ್ಸನ್ (1910–1974) ಬೆಂಗಳೂರಿನಲ್ಲಿ ನೆಲೆಸಿ, ಅಲ್ಲಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು. ಬಿಡುವಿನ ದಿನಗಳನ್ನು ಅವರು ಕಳೆಯುತ್ತಿದ್ದದ್ದು ಆಗಿನ ಸೇಲಂ ಜಿಲ್ಲೆಯ ಕಾಡುಗಳಲ್ಲಿ. ಪೆನ್ನಾಗರಂ ಆಗ ಸೇಲಂ ಜಿಲ್ಲೆಯಲ್ಲಿತ್ತು. ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾದದ್ದು 1965ರ ಅಕ್ಟೋಬರ್ 2ರಂದು, ಅದರಿಂದ ಕೃಷ್ಣಗಿರಿ ಬೇರೆಯಾದದ್ದು 2004ರಲ್ಲಿ. ಚಿನ್ನಾರು ಹೊಳೆ ಹೊಗೇನಕಲ್ಲಿನ ಬಳಿ ಕಾವೇರಿಯನ್ನು ಸೇರುವ ಈ ಭಾಗದಲ್ಲಿ ತಮಿಳು, ಕನ್ನಡ, ತೆಲುಗು ಮೂರೂ ಭಾಷೆಗಳು ಕೇಳಿಬರುತ್ತವೆ. 1954ರಲ್ಲಿ ಬಂದ ಆಂಡರ್ಸನ್‌ರ ಮೊದಲ ಪುಸ್ತಕದಲ್ಲೇ ಜವಳಗಿರಿಯ ನರಭಕ್ಷಕ ಹುಲಿಯ ಕಥೆಯೂ ಬೈರ ಎಂಬ ಪೂಜಾರಿಯ ಕಥೆಯೂ ಇವೆ. ಪೂರ್ಣಚಂದ್ರ ತೇಜಸ್ವಿ ಈ ಬರಹಗಳನ್ನು ‘ಕಾಡಿನ ಕಥೆಗಳು’ ಎಂಬ ಹೆಸರಿನಲ್ಲಿ ನಾಲ್ಕು ಭಾಗಗಳಾಗಿ ಕನ್ನಡಕ್ಕೆ ತಂದ ಮೇಲೆ ಈ ಊರುಗಳು ಕರ್ನಾಟಕದ ಮನೆಮನೆಗಳಿಗೆ ಗೊತ್ತಾದವು.

ಆಂಡರ್ಸನ್ ಹೆಚ್ಚಾಗಿ ನೆಚ್ಚಿಕೊಂಡಿದ್ದದ್ದು .405 ಬೋರಿನ ವಿಂಚೆಸ್ಟರ್ ರೈಫಲ್. ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ 1895ರ ಮಾದರಿ ಅದು. ಕೈಹಿಡಿಯ ಕೆಳಗಿನ ಸನ್ನೆಯನ್ನು ತಗ್ಗಿಸಿ ಎತ್ತಿದರೆ ಖಾಲಿ ಕೊಳವೆ ಹೊರಬಿದ್ದು ಹೊಸ ತೋಟಾ ಗೂಡಿಗೆ ಏರುತ್ತದೆ. ವಿಂಚೆಸ್ಟರ್ ಕಂಪನಿಯ ಹಿಂದಿನ ಸನ್ನೆ ರೈಫಲ್‌ಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳಾಯಿಯಲ್ಲಿ ಸಾಲಾಗಿ ಕೂರುತ್ತಿದ್ದವು. ಈ ಮಾದರಿಯಲ್ಲಿ ಅವು ಪೆಟ್ಟಿಗೆಯಾಕಾರದ ಮ್ಯಾಗಜೀನಿನಲ್ಲಿ ಒಂದರ ಮೇಲೊಂದು ಕೂರುತ್ತವೆ. ಹಾಗಾಗಿ ಚೂಪು ಮೂತಿಯ, ಹೆಚ್ಚು ಶಕ್ತಿಯ ತೋಟಾಗಳನ್ನೂ ಬಳಸಲು ಸಾಧ್ಯವಾಯಿತು.

.405 ತೋಟಾ ಮಾರುಕಟ್ಟೆಗೆ ಬಂದದ್ದು 1904ರಲ್ಲಿ. ಗುಂಡಿನ ತೂಕ 300 ಗ್ರೇನ್, ಅಂದರೆ ಸುಮಾರು 19.4 ಗ್ರಾಂ. ಅದರ ವೇಗ ಸೆಕೆಂಡಿಗೆ ಸುಮಾರು 2,200 ಅಡಿ, ಅಂದರೆ 670 ಮೀಟರ್. ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1909ರ ಆಫ್ರಿಕಾ ಪ್ರವಾಸದಲ್ಲಿ ಇದೇ ತೋಟಾವನ್ನು ಸಿಂಹಗಳಿಗೆ ಬಳಸಿದ್ದರಿಂದ ಅದರ ಹೆಸರು ಜಗತ್ತಿನೆಲ್ಲೆಡೆ ಹಬ್ಬಿತು. ಕೊಳವೆ ಭುಜವಿಲ್ಲದ್ದು, ರಿಮ್ ಇರುವಂಥದ್ದು. ಗರಿಷ್ಠ ಉದ್ದ 2.583 ಇಂಚು, ಅಂದರೆ 65.61 ಮಿ.ಮೀ.

ಕಾಡಿನಂಚಿನ ಕಳ್ಳಬೇಟೆಗಾರರ ಕೈಯಲ್ಲಿ ಅದೇ ಕಾಲದಲ್ಲಿ ಇದ್ದದ್ದು ಬಾಯಿಂದ ತುಂಬುವ ನಾಡಬಂದೂಕು. ಎರಡರ ಅಂತರ ಗುಂಡಿನ ಬಲದಲ್ಲಿ ಮಾತ್ರ ಇರಲಿಲ್ಲ. ನಾಡಬಂದೂಕಿಗೆ ಮದ್ದನ್ನು ಬೊಗಸೆಯ ಅಂದಾಜಿನಲ್ಲಿ ಸುರಿಯಬಹುದಿತ್ತು, ಮಳೆಗೆ ಅದು ನೆನೆಯುತ್ತಿತ್ತು, ಎರಡನೇ ಈಡಿಗೆ ಮತ್ತೆ ಮೊದಲಿನಿಂದ ತುಂಬಬೇಕಿತ್ತು. ಹಿತ್ತಾಳೆ ಕೊಳವೆಯ ತೋಟಾದಲ್ಲಿ ಮದ್ದು ಒಣಗಿರುತ್ತದೆ, ಒಂದು ಈಡು ಇನ್ನೊಂದರಂತೆಯೇ ಇರುತ್ತದೆ. ಪೊದೆಯ ಮರೆಯಿಂದ ನುಗ್ಗುವ ಗಾಯಗೊಂಡ ಹುಲಿಯೆದುರು ನಿಂತವನಿಗೆ ಈ ಭರವಸೆಯನ್ನು ಕೊಡುವುದು ಅಳತೆಯೊಂದೇ.

ಕೊಳವೆ ಏಕೆ ಉದ್ದವಾಗುತ್ತದೆ

ಮದ್ದು ಹೊತ್ತಿಕೊಂಡಾಗ ಕೊಳವೆಯ ಮುಂಭಾಗದ ತೆಳುಗೋಡೆ ಮೊದಲು ಹಿಗ್ಗಿ ಗೂಡಿಗೆ ಅಂಟಿಕೊಳ್ಳುತ್ತದೆ. ದಪ್ಪನೆಯ ಬುಡ ಹಾಗೆ ಅಂಟಿಕೊಳ್ಳುವುದಿಲ್ಲ. ಒತ್ತಡ ಅದನ್ನು ಹಿಂದಕ್ಕೆ, ಗೂಡನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಮುಖದವರೆಗೆ ತಳ್ಳುತ್ತದೆ. ಮುಂಭಾಗ ನಿಂತಲ್ಲೇ ನಿಂತು ಬುಡ ಹಿಂದೆ ಸರಿದಾಗ ನಡುವಿನ ಲೋಹ ಎಳೆದುಕೊಳ್ಳುತ್ತದೆ, ಬುಡಕ್ಕೆ ಸ್ವಲ್ಪ ಮೇಲೆ ಗೋಡೆ ತೆಳುವಾಗುತ್ತದೆ.

ಎರಡನೆಯ ಹಂತ ಮರುತುಂಬುವವನ ಮೇಜಿನ ಮೇಲೆ ನಡೆಯುತ್ತದೆ. ಹಿಗ್ಗಿದ ಕೊಳವೆಯನ್ನು ಮೊದಲಿನ ಗಾತ್ರಕ್ಕೆ ತರಲು ಗಟ್ಟಿ ಉಕ್ಕಿನ ಡೈಯೊಳಗೆ ಒತ್ತುತ್ತಾರೆ. ಸುತ್ತಲಿಂದ ಅದುಮಿದಾಗ ಲೋಹಕ್ಕೆ ಹೋಗಲು ಒಂದೇ ದಾರಿ, ಮುಂದಕ್ಕೆ. ಅದು ಭುಜದತ್ತ, ಕತ್ತಿನತ್ತ ಹರಿಯುತ್ತದೆ. ಕತ್ತನ್ನು ಒಳಗಿನಿಂದ ಅಗಲಿಸುವ ಗುಂಡಿಯನ್ನು ಹೊರಗೆಳೆಯುವಾಗಲೂ ಬಾಯಿ ಸ್ವಲ್ಪ ಎಳೆದುಕೊಳ್ಳುತ್ತದೆ. ಹೀಗೆ ಪ್ರತಿ ಸುತ್ತಿಗೆ ಉದ್ದ ಕೆಲವು ಥೌಗಳಷ್ಟು ಏರುತ್ತದೆ. ಇಂಚಿನ ಸಾವಿರದಲ್ಲೊಂದು ಪಾಲಿಗೆ ಬೆಂಗಳೂರಿನ ವರ್ಕ್‌ಶಾಪುಗಳಲ್ಲಿ ‘ಥೌ’ ಎನ್ನುತ್ತಾರೆ. ಅದು 0.0254 ಮಿ.ಮೀ.

ಈ ಎರಡು ಹಂತಗಳನ್ನು ಒಟ್ಟಿಗೆ ನೋಡಿದರೆ ಮುಖ್ಯವಾದ ಒಂದು ಸತ್ಯ ತಿಳಿಯುತ್ತದೆ. ಕೊಳವೆಗೆ ಹೊಸ ಲೋಹ ಎಲ್ಲಿಂದಲೂ ಬರುವುದಿಲ್ಲ. ಬಾಯಿಯಲ್ಲಿ ಹೆಚ್ಚಾದ ಉದ್ದ ಹಿಂದಿನ ಗೋಡೆಯಿಂದ ಬಂದದ್ದು. ಕತ್ತರಿಸಿದಾಗ ಉದುರುವ ಹಿತ್ತಾಳೆಯ ಪುಡಿ ಬುಡದ ಬಳಿ ತೆಳುವಾದ ಗೋಡೆಯ ಲೆಕ್ಕವನ್ನೇ ಹೇಳುತ್ತದೆ. ಆದ್ದರಿಂದ ಒಂದು ಕೊಳವೆಯನ್ನು ಎಷ್ಟು ಸಲ ಕತ್ತರಿಸಲಾಗಿದೆ ಎಂಬ ದಾಖಲೆ ಅದರ ಆಯುಷ್ಯದ ದಾಖಲೆಯೂ ಹೌದು.

ಎಲ್ಲ ರೈಫಲ್‌ಗಳಲ್ಲೂ ಈ ಎಳೆತ ಒಂದೇ ಪ್ರಮಾಣದಲ್ಲಿರುವುದಿಲ್ಲ. ಲೀ-ಎನ್‌ಫೀಲ್ಡ್ .303 ರೈಫಲ್‌ನಲ್ಲಿ ಬೋಲ್ಟಿನ ಬೀಗ ಹಿಂಭಾಗದಲ್ಲಿದೆ, ಯುದ್ಧದ ಮಣ್ಣು-ಕೆಸರಿನಲ್ಲೂ ತೋಟಾ ಸಲೀಸಾಗಿ ಕೂರಲೆಂದು ಗೂಡನ್ನು ಸಡಿಲವಾಗಿ ಕೊರೆದಿರುತ್ತಾರೆ. ಹಾಗಾಗಿ ಅದರ ಕೊಳವೆಗಳು ಬೇಗ ಎಳೆದುಕೊಂಡು ಬೇಗ ಸವೆಯುತ್ತವೆ. .405ರಂಥ ನೇರ ಕೊಳವೆಗಳಲ್ಲಿ ಭುಜವಿಲ್ಲದ ಕಾರಣ ಲೋಹ ಮುಂದಕ್ಕೆ ಹರಿಯುವುದು ಕಡಿಮೆ. ಆದರೂ ಅವನ್ನು ಕತ್ತರಿಸಲೇಬೇಕಾಗುತ್ತದೆ, ಕಾರಣ ಬೇರೆ. ಭಾರಿ ಗುಂಡಿನ ಒದೆತಕ್ಕೆ ಮ್ಯಾಗಜೀನಿನಲ್ಲಿರುವ ಉಳಿದ ತೋಟಾಗಳ ಗುಂಡುಗಳು ಒಳಕ್ಕೆ ಜಾರದಂತೆ ಕೊಳವೆಯ ಬಾಯಿಯನ್ನು ಗುಂಡಿನ ತೋಡಿಗೆ ಮಡಿಸಿ ಬಿಗಿಯುತ್ತಾರೆ. ಕೊಳವೆಗಳ ಉದ್ದ ಒಂದೊಂದೂ ಒಂದೊಂದು ತರ ಇದ್ದರೆ ಈ ಮಡಿಕೆ ಕೆಲವದರಲ್ಲಿ ಬಿಗಿಯಾಗಿ, ಕೆಲವದರಲ್ಲಿ ಸಡಿಲವಾಗಿ ಬರುತ್ತದೆ. ಅದರಂತೆ ಗುಂಡಿನ ವೇಗವೂ ಗುರಿಯೂ ಬದಲಾಗುತ್ತವೆ.

ಹೆಚ್ಚು ಉದ್ದದ ಅಪಾಯ

ಗೂಡಿನ ಮುಂತುದಿಯಲ್ಲಿ ಕತ್ತು ಕೂರಲು ಬಿಟ್ಟ ಜಾಗಕ್ಕೆ ಮಿತಿಯಿದೆ. ಅದರಾಚೆ ನಳಿಗೆ ಕಿರಿದಾಗಿ ತಿರುಪಿನ ಗೀರುಗಳು ಶುರುವಾಗುತ್ತವೆ. ಕೊಳವೆ ಆ ಜಾಗಕ್ಕಿಂತ ಉದ್ದವಾದರೆ ಅದರ ಬಾಯಿ ಆ ಇಕ್ಕಟ್ಟಿಗೆ ಸಿಕ್ಕಿ ಗುಂಡನ್ನು ಅದುಮಿ ಹಿಡಿಯುತ್ತದೆ. ಈಡಿನ ವೇಳೆ ಕತ್ತು ಹೊರಕ್ಕೆ ಹಿಗ್ಗಿ ಗುಂಡನ್ನು ಬಿಡಬೇಕು. ಸುತ್ತ ಉಕ್ಕಿನ ಗೋಡೆ ಒತ್ತಿ ನಿಂತಿರುವಾಗ ಹಿಗ್ಗಲು ಎಡೆಯಿಲ್ಲ. ಗುಂಡು ತಡವಾಗಿ ಬಿಡುಗಡೆಯಾಗುವುದರಿಂದ ಒತ್ತಡ ಲೆಕ್ಕ ಮೀರುತ್ತದೆ. ಮದ್ದಿನ ತೂಕ ಸರಿಯಿದ್ದರೂ ಕೇಪು ಸಿಡಿಯುವುದು, ಬೋಲ್ಟು ಬಿಗಿದುಕೊಳ್ಳುವುದು, ಅತಿಯಾದರೆ ರೈಫಲ್ಲೇ ಒಡೆಯುವುದು ಸಾಧ್ಯ. ಬೋಲ್ಟಿನ ಸನ್ನೆಯ ಬಲ ದೊಡ್ಡದಾದ್ದರಿಂದ ಉದ್ದವಾದ ತೋಟಾವನ್ನೂ ಅದು ಗೂಡಿಗೆ ನೂಕಿಬಿಡುತ್ತದೆ. ಹಾಗಾಗಿ ತೋಟಾ ಗೂಡಿಗೆ ಕೂತಿತು ಎಂಬುದು ಅದು ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಸಾಕ್ಷಿ ಹೇಳಬೇಕಾದದ್ದು ಅಳತೆಯ ಉಪಕರಣ.

ಪ್ರತಿ ತೋಟಾಕ್ಕೂ ಗರಿಷ್ಠ ಉದ್ದ ನಿಗದಿಯಾಗಿರುತ್ತದೆ. ಅಮೆರಿಕದಲ್ಲಿ 1926ರಲ್ಲಿ ಹುಟ್ಟಿದ ತಯಾರಕರ ಮಾನಕ ಸಂಸ್ಥೆಯೂ ಯುರೋಪಿನಲ್ಲಿ 1914ರಲ್ಲಿ ಹುಟ್ಟಿದ ಬಂದೂಕು ಪರೀಕ್ಷಾ ಆಯೋಗವೂ ಈ ಅಳತೆಗಳನ್ನು ಪ್ರಕಟಿಸುತ್ತವೆ. .308 ವಿಂಚೆಸ್ಟರ್‌ಗೆ 2.015 ಇಂಚು (51.18 ಮಿ.ಮೀ.), .30-06ಕ್ಕೆ 2.494 ಇಂಚು (63.35 ಮಿ.ಮೀ.), .303 ಬ್ರಿಟಿಷ್‌ಗೆ 2.222 ಇಂಚು (56.44 ಮಿ.ಮೀ.), .375 ಹಾಲೆಂಡ್ ಆ್ಯಂಡ್ ಹಾಲೆಂಡ್‌ಗೆ 2.850 ಇಂಚು (72.39 ಮಿ.ಮೀ.) ಗರಿಷ್ಠ ಮಿತಿ. ಕತ್ತರಿಸುವಾಗ ಸಾಮಾನ್ಯವಾಗಿ ಈ ಮಿತಿಗಿಂತ 10 ಥೌ, ಅಂದರೆ ಸುಮಾರು ಕಾಲು ಮಿಲಿಮೀಟರ್ ಕಡಿಮೆಗೆ ತರುತ್ತಾರೆ. ಮುಂದಿನ ಕೆಲವು ಸುತ್ತುಗಳ ಬೆಳವಣಿಗೆಗೆ ಎಡೆ ಸಿಗುತ್ತದೆ, ಅಳತೆಯ ಸಣ್ಣ ತಪ್ಪೂ ಮಿತಿಯೊಳಗೇ ಉಳಿಯುತ್ತದೆ.

ಅಳೆಯುವ ಕ್ರಮ

ಅಳೆಯಬೇಕಾದದ್ದು ಡೈಯೊಳಗೆ ಒತ್ತಿ ಗಾತ್ರಕ್ಕೆ ತಂದ ಮೇಲೆ, ಅದಕ್ಕಿಂತ ಮೊದಲಲ್ಲ. ಈಡು ಹಾರಿದೊಡನೆ ಅಳೆದರೆ ಕೊಳವೆ ಹಿಗ್ಗಿದ ಸ್ಥಿತಿಯಲ್ಲಿರುವುದರಿಂದ ಉದ್ದ ಕಡಿಮೆಯಾಗಿ ಕಾಣಬಹುದು, ಡೈಯಿಂದ ಹೊರಬಂದಾಗ ಅದೇ ಕೊಳವೆ ಮಿತಿ ಮೀರಿರಬಹುದು. ಸುಟ್ಟ ಕೇಪನ್ನು ಮೊದಲೇ ತೆಗೆದಿರಬೇಕು, ಏಕೆಂದರೆ ಹೊರಚಾಚಿದ ಕೇಪು ಸುಳ್ಳು ಉದ್ದವನ್ನು ತೋರಿಸುತ್ತದೆ. ಡೈಗೆ ಹಚ್ಚಿದ ಎಣ್ಣೆ, ಬಾಯಂಚಿನ ಮಸಿ, ಬುಡದ ಮರಳು ಎಲ್ಲವನ್ನೂ ಒರೆಸಿ ತೆಗೆಯಬೇಕು.

ಸಾಮಾನ್ಯ ಉಪಕರಣ ವರ್ನಿಯರ್ ಕ್ಯಾಲಿಪರ್. ಪಿಯೆರ್ ವರ್ನಿಯೇ ಎಂಬ ಫ್ರೆಂಚ್ ಗಣಿತಜ್ಞ 1631ರಲ್ಲಿ ವಿವರಿಸಿದ ಜಾರುವ ಅಳತೆಗೋಲೇ ಇದರ ಮೂಲ. ಮುಖ್ಯ ಪಟ್ಟಿಯ 49 ಮಿ.ಮೀ. ಉದ್ದವನ್ನು ಜಾರುಪಟ್ಟಿಯಲ್ಲಿ 50 ಭಾಗ ಮಾಡಿದರೆ ಪ್ರತಿ ಭಾಗ ಒಂದು ಮಿಲಿಮೀಟರಿಗಿಂತ 0.02 ಮಿ.ಮೀ. ಕಡಿಮೆಯಾಗುತ್ತದೆ. ಯಾವ ಗೆರೆ ಎದುರುಗೆರೆಗೆ ಕೂಡುತ್ತದೆ ಎಂಬುದನ್ನು ನೋಡಿ 0.02 ಮಿ.ಮೀ.ವರೆಗೆ ಓದಬಹುದು. ಡಯಲ್ ಮತ್ತು ಡಿಜಿಟಲ್ ಕ್ಯಾಲಿಪರ್‌ಗಳಲ್ಲಿ ಓದುವುದು ಸುಲಭ. ಆದರೆ ಓದು ಸುಲಭವಾದ ಮಾತ್ರಕ್ಕೆ ಅಳತೆ ಹೆಚ್ಚು ನಿಖರವಾಗುವುದಿಲ್ಲ. ಕ್ಯಾಲಿಪರ್ ಯಾವುದೇ ಇರಲಿ, ದವಡೆಗಳನ್ನು ಮುಚ್ಚಿ ಸೊನ್ನೆ ಸರಿಯಿದೆಯೇ ಎಂದು ಮೊದಲು ನೋಡಬೇಕು, ಆಮೇಲೆ ಗೊತ್ತಿರುವ ಉದ್ದದ ಗೇಜ್ ಬ್ಲಾಕಿನಿಂದ ಪರೀಕ್ಷಿಸಬೇಕು.

ಗೇಜ್ ಬ್ಲಾಕಿನ ಹುಟ್ಟೂ ರೈಫಲ್ ಕಾರ್ಖಾನೆಯಲ್ಲೇ. ಸ್ವೀಡನ್ನಿನ ಎಸ್ಕಿಲ್ಸ್ಟುನಾದ ಸರ್ಕಾರಿ ರೈಫಲ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಸಿ. ಇ. ಯೋಹಾನ್ಸನ್, ಮೌಸರ್ ರೈಫಲ್‌ನ ಭಾಗಗಳಿಗೆ ಬೇಕಾದ ಅಸಂಖ್ಯ ಗೇಜುಗಳ ಬದಲು ಒಂದಕ್ಕೊಂದು ಜೋಡಿಸಬಹುದಾದ ಉಕ್ಕಿನ ಬಿಲ್ಲೆಗಳ ಕಲ್ಪನೆಯನ್ನು 1896ರಲ್ಲಿ ಮುಂದಿಟ್ಟರು. 102 ಬಿಲ್ಲೆಗಳ ಆ ಗೊಂಚಲು ಇಪ್ಪತ್ತನೇ ಶತಮಾನದ ಎಲ್ಲ ಯಂತ್ರೋದ್ಯಮಗಳ ಅಳತೆಗೆ ಆಧಾರವಾಯಿತು. ಬೆಂಗಳೂರಿನ ಎಚ್‌ಎಎಲ್, ಎಚ್‌ಎಂಟಿಗಳ ತಪಾಸಣಾ ಕೊಠಡಿಗಳಲ್ಲಿ ದುಡಿದ ಪ್ರತಿಯೊಬ್ಬರೂ ಬಲ್ಲ ಬಿಲ್ಲೆಗಳು ಇವೇ.

ಅಳೆಯುವಾಗ ಕೊಳವೆ ಓರೆಯಾಗಿ ಕೂತರೆ ಉದ್ದ ಹೆಚ್ಚಾಗಿ ಬರುತ್ತದೆ. ಅದಕ್ಕಾಗಿ ಬುಡವನ್ನು ಸ್ಥಿರ ದವಡೆಗೆ ಚಪ್ಪಟೆಯಾಗಿ ಒತ್ತಿ, ಕೊಳವೆಯನ್ನು ಮೆಲ್ಲಗೆ ಅತ್ತಿತ್ತ ಆಡಿಸಿ ಸಿಗುವ ಅತಿ ಕಡಿಮೆ ಅಂಕಿಯನ್ನು ಹಿಡಿಯುತ್ತಾರೆ. ಬಳಿಕ ಕೊಳವೆಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯುತ್ತಾರೆ. ಎರಡು ಅಂಕಿಗಳು ಬೇರೆಯಾದರೆ ಬಾಯಿ ಓರೆಯಾಗಿದೆ ಎಂದರ್ಥ. ಉದ್ದ ಮಿತಿಯೊಳಗಿದ್ದರೂ ಅಂಥ ಕೊಳವೆಯನ್ನು ಕತ್ತರಿಸುವುದು ಒಳ್ಳೆಯದು.

ಉಷ್ಣಾಂಶದ ಪಾಲೂ ಇದರಲ್ಲಿದೆ. ಅಂತರರಾಷ್ಟ್ರೀಯವಾಗಿ ಉದ್ದದ ಅಳತೆಗೆ ನಿಗದಿಯಾದ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್. ಧರ್ಮಪುರಿಯ ಬೇಸಿಗೆಯ ಮಧ್ಯಾಹ್ನ ಪಾದರಸ ಅದಕ್ಕಿಂತ 20 ಡಿಗ್ರಿ ಮೇಲೇರುವುದು ಹೊಸದಲ್ಲ. ಅಷ್ಟು ಏರಿಕೆಗೆ 65.6 ಮಿ.ಮೀ.ನ .405 ಕೊಳವೆ ಸುಮಾರು 0.025 ಮಿ.ಮೀ. ಉದ್ದವಾಗುತ್ತದೆ. ಆದರೆ ಉಕ್ಕಿನ ಕ್ಯಾಲಿಪರ್ ಕೂಡ ಹಿಗ್ಗುವುದರಿಂದ ಓದಿನಲ್ಲಿ ಉಳಿಯುವ ವ್ಯತ್ಯಾಸ 0.01 ಮಿ.ಮೀ. ಮಾತ್ರ. ಕೊಳವೆಗಳೂ ಉಪಕರಣವೂ ಒಂದೇ ಕೋಣೆಯಲ್ಲಿ ಕೆಲಹೊತ್ತು ಇದ್ದರೆ ಸಾಕು, 10 ಥೌಗಳ ಅಂತರ ಈ ವ್ಯತ್ಯಾಸವನ್ನು ಸುಲಭವಾಗಿ ನುಂಗುತ್ತದೆ. ಬಿಸಿಲಿಗಿಟ್ಟ ಕೊಳವೆಯನ್ನು ನೆರಳಿನ ಕ್ಯಾಲಿಪರಿನಿಂದ ಅಳೆಯುವುದು ಮಾತ್ರ ಸರಿಯಲ್ಲ.

ಉದ್ದವೊಂದೇ ಅಳತೆಯಲ್ಲ. ರಿಮ್ ಇಲ್ಲದ ತೋಟಾಗಳು ಗೂಡಿನಲ್ಲಿ ಭುಜದ ಮೇಲೆ ನಿಲ್ಲುವುದರಿಂದ ಬುಡದಿಂದ ಭುಜದವರೆಗಿನ ದೂರವನ್ನೂ ವಿಶೇಷ ಗೇಜಿನಿಂದ ನೋಡಬೇಕು. .405, .303ಗಳಂಥ ತೋಟಾಗಳು ರಿಮ್ ಮೇಲೆ ನಿಲ್ಲುತ್ತವೆ, ಅವುಗಳಲ್ಲಿ ರಿಮ್ ದಪ್ಪವೇ ಆಧಾರ. ಕತ್ತಿನ ಗೋಡೆಯ ದಪ್ಪವನ್ನು ಗುಂಡುತುದಿಯ ಮೈಕ್ರೋಮೀಟರಿನಿಂದ ಅಳೆಯುತ್ತಾರೆ. ಚಪ್ಪಟೆ ತುದಿಯ ಉಪಕರಣ ಒಳಗಿನ ಬಾಗಿಗೆ ಹೊಂದುವುದಿಲ್ಲ.

ಕತ್ತರಿಸುವ ಕ್ರಮ

ಹೆಚ್ಚಿನವರು ಬಳಸುವುದು ಪುಟ್ಟ ಲೇತಿನಂಥ ಕೈಯಂತ್ರ. ಕೊಳವೆಯ ಬುಡವನ್ನು ಒಂದು ಕಡೆ ಬಿಗಿಯುತ್ತಾರೆ. ಇನ್ನೊಂದು ಕಡೆ ಹಿಡಿ ತಿರುಗಿಸಿದರೆ ಕತ್ತರಿ ಹಲ್ಲು ಬಾಯಂಚನ್ನು ಹೆರೆಯುತ್ತದೆ. ಕತ್ತರಿಯ ತುದಿಯಲ್ಲಿ ಕತ್ತಿನೊಳಗೆ ಹೊಂದುವ ಗೂಟವಿರುತ್ತದೆ, ಹಲ್ಲನ್ನು ಅದು ನಡುವಿಗೇ ನಿಲ್ಲಿಸುತ್ತದೆ. ತಡೆಯುಂಗುರವನ್ನು ಒಮ್ಮೆ ಸರಿಯಾದ ಉದ್ದಕ್ಕೆ ಕೂರಿಸಿದರೆ ಆಮೇಲಿನ ಎಲ್ಲ ಕೊಳವೆಗಳೂ ಅದೇ ಉದ್ದಕ್ಕೆ ಬರುತ್ತವೆ. ಮೊದಲ ಕೊಳವೆಯನ್ನು ಸ್ವಲ್ಪ ಸ್ವಲ್ಪವೇ ಹೆರೆದು, ಅಳೆದು, ತಡೆಯನ್ನು ಸರಿಹೊಂದಿಸಿಕೊಳ್ಳುವುದು ವಾಡಿಕೆ. ಹೆಚ್ಚಿಗೆ ಹೆರೆದ ಹಿತ್ತಾಳೆಯನ್ನು ಮತ್ತೆ ಸೇರಿಸಲಾಗದು.

ಕತ್ತರಿಸಿದ ಬಾಯಂಚು ಚೂಪಾಗಿ, ಒಳಗೂ ಹೊರಗೂ ಎಸಳಿನಂಥ ಚೂರುಗಳೊಡನೆ ನಿಲ್ಲುತ್ತದೆ. ಒಳಗಿನ ಅಂಚನ್ನು ಓರೆಯಾಗಿ ಹೆರೆಯದಿದ್ದರೆ ಗುಂಡನ್ನು ಕೂರಿಸುವಾಗ ಅದರ ತಾಮ್ರದ ಹೊದಿಕೆ ಕೆರೆದುಹೋಗುತ್ತದೆ. ಹೊರಗಿನ ಎಸಳನ್ನು ತೆಗೆಯದಿದ್ದರೆ ಗೂಡು ಗೀರುಬೀಳುತ್ತದೆ. ಎರಡೂ ಕಡೆ ಒಂದೆರಡು ಹಗುರ ಸುತ್ತು ಸಾಕು. ಹೆಚ್ಚು ಹೆರೆದರೆ ಬಾಯಿ ಕತ್ತಿಯಲಗಿನಂತೆ ತೆಳುವಾಗಿ ಬೇಗ ಬಿರಿಯುತ್ತದೆ. ಕೊನೆಗೆ ಕೊಳವೆಯನ್ನು ಕೊಡವಿ ಒಳಗಿನ ಹಿತ್ತಾಳೆ ಪುಡಿಯನ್ನು ಪೂರ್ತಿ ತೆಗೆದು, ಇನ್ನೊಮ್ಮೆ ಅಳೆದು ದಾಖಲೆ ಬರೆಯಬೇಕು.

ಈ ಉಪಕರಣಗಳನ್ನು ಬೆಳೆಸಿದ್ದು ಮುಖ್ಯವಾಗಿ ಅಮೆರಿಕ. ಜಾನ್ ಬಾರ್ಲೊ 1884ರಲ್ಲಿ ಆರಂಭಿಸಿದ ಐಡಿಯಲ್ ಕಂಪನಿ ಮುಂದೆ ಲೈಮನ್ ಕಂಪನಿಯ ಕೈಗೆ ಹೋಯಿತು. 1943ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್‌ಟನ್ ಆರ್‌ಸಿಬಿಎಸ್ ಕಂಪನಿಯನ್ನೂ 1949ರಲ್ಲಿ ನೆಬ್ರಾಸ್ಕಾದ ಜಾಯ್ಸ್ ಹಾರ್ನಡಿ ತಮ್ಮ ಹೆಸರಿನ ಕಂಪನಿಯನ್ನೂ ಶುರುಮಾಡಿದರು. ಕಾರ್ಖಾನೆಗಳು ನಿಲ್ಲಿಸಿದ್ದ .405 ತೋಟಾ ಇಪ್ಪತ್ತೊಂದನೇ ಶತಮಾನದ ಆರಂಭದಲ್ಲಿ ಮತ್ತೆ ತಯಾರಿಗೆ ಬಂದದ್ದೂ ಹಾರ್ನಡಿಯಿಂದಲೇ.

ಕೊಳವೆಯ ಆಯುಷ್ಯ

ಬುಡದಿಂದ ಸುಮಾರು ಒಂದು ಸೆಂಟಿಮೀಟರ್ ಮೇಲೆ, ಒಡಲ ಸುತ್ತ ಹೊಳೆಯುವ ಉಂಗುರದಂಥ ಗೆರೆ ಕಂಡರೆ ಗೋಡೆ ಒಳಗಿನಿಂದ ತೆಳುವಾಗಿದೆ ಎಂದರ್ಥ. ತುದಿ ಬಾಗಿಸಿ ಚೂಪು ಮಾಡಿದ ತಂತಿಯನ್ನು ಒಳಗೆ ಬಿಟ್ಟು ಗೋಡೆಗೆ ತಾಗಿಸಿ ಮೇಲಕ್ಕೆಳೆದರೆ, ತೋಡು ಬಿದ್ದಿರುವಲ್ಲಿ ತಂತಿ ತಡೆಯುತ್ತದೆ. ಅಂಥ ಕೊಳವೆಯನ್ನು ಮತ್ತೆ ಬಳಸಬಾರದು. ಮುಂದಿನ ಈಡಿಗೆ ಬುಡ ಕಳಚಿ, ಉಳಿದ ಭಾಗ ಗೂಡಿನಲ್ಲೇ ಉಳಿಯಬಹುದು, ಬಿಸಿ ಅನಿಲ ಹಿಂದಕ್ಕೆ ನುಗ್ಗಬಹುದು. ನಾಲ್ಕೈದು ಸಲ ಕತ್ತರಿಸಿದ ಕೊಳವೆಯನ್ನು ಅನುಭವಿಗಳು ಗುಜರಿಗೆ ಹಾಕುವುದು ಇದೇ ಕಾರಣಕ್ಕೆ. ಕತ್ತು ಗಡುಸಾಗಿ ಬಿರುಕು ಬಿಟ್ಟರೆ ಅದೂ ಆಯುಷ್ಯ ತೀರಿದ ಗುರುತು. ಕತ್ತನ್ನು ಮಾತ್ರ ಕಾಯಿಸಿ ಮೆತ್ತಗಾಗಿಸಿದರೆ ಹೀಗೆ ಬಿರುಕು ಬಿಡುವುದನ್ನು ಮುಂದೂಡಬಹುದು. ಬುಡಕ್ಕೆ ಶಾಖ ತಾಗಿ ಅದು ಮೆತ್ತಗಾದರೆ ಕೊಳವೆ ಅಪಾಯಕಾರಿ.

ಬಳಸದೆಯೇ ಬಿರಿಯುವ ಕೊಳವೆಗಳ ಸಮಸ್ಯೆ ಭಾರತದಿಂದಲೇ ಜಗತ್ತಿಗೆ ತಿಳಿದದ್ದು. ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ಚಟುವಟಿಕೆ ಕಡಿಮೆ ಮಾಡಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇರಿಸುತ್ತಿತ್ತು. ಮಳೆ ಮುಗಿದು ತೆಗೆದು ನೋಡಿದರೆ, ಕತ್ತು ಗುಂಡನ್ನು ಬಿಗಿದ ಜಾಗದಲ್ಲಿ ಹಿತ್ತಾಳೆ ಸೀಳಿರುತ್ತಿತ್ತು. ಇದಕ್ಕೆ ‘ಋತು ಬಿರುಕು’ ಎಂಬ ಹೆಸರು ಬಂತು. 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ವಿಜ್ಞಾನಿಗಳು ಕಾರಣ ತೋರಿಸಿದರು. ಕುದುರೆ ಮೂತ್ರದಿಂದ ಏಳುವ ಅಮೋನಿಯ, ತಣ್ಣಗೆ ಎಳೆದ ಲೋಹದೊಳಗೆ ಉಳಿದ ಬಿಗಿತ, ಇವೆರಡೂ ಕೂಡಿದಲ್ಲಿ ಬಿರುಕು ಏಳುತ್ತಿತ್ತು. ಹದವಾಗಿ ಕಾಯಿಸಿ ಆ ಬಿಗಿತವನ್ನು ಸಡಿಲಿಸುವುದೇ ಪರಿಹಾರ. ಅಮೋನಿಯ ಬೆರೆತ ಪಾಲಿಶ್ ದ್ರವಗಳಿಂದ ಕೊಳವೆ ತೊಳೆಯಬಾರದೆಂಬ ಇಂದಿನ ನಿಯಮಕ್ಕೂ ಇದೇ ಆಧಾರ.

ಭಾರತದಲ್ಲಿ ಕಾನೂನು ಮತ್ತು ಬಳಕೆ

ಬ್ರಿಟಿಷ್ ಕಾಲದಿಂದಲೂ ಭಾರತದಲ್ಲಿ ಯಾವ ಬೋರಿನ ತೋಟಾ ಯಾರ ಕೈಯಲ್ಲಿರಬೇಕು ಎಂಬುದನ್ನು ಸರ್ಕಾರ ನಿಯಂತ್ರಿಸಿದೆ. 1907ರಲ್ಲಿ .450 ಬೋರಿನ ತೋಟಾಗಳ ಆಮದನ್ನು ತಡೆದಾಗ ಇಂಗ್ಲೆಂಡಿನ ಬಂದೂಕು ಕಂಪನಿಗಳು .465, .470ರಂಥ ಹೊಸ ಅಳತೆಗಳನ್ನು ತಂದವು. ಸೈನ್ಯದ .303 ಸಾಮಾನ್ಯರಿಗೆ ಸಿಗುವಂತಿರಲಿಲ್ಲ. ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಗಳ .315 ಬೋರಿನ ರೈಫಲ್ ನಾಗರಿಕರಲ್ಲಿ ಹರಡಿತು. ಅದರ ತೋಟಾ 1890ರ ಆಸ್ಟ್ರಿಯಾದ 8×50 ಮಿ.ಮೀ. ಮ್ಯಾನ್‌ಲಿಕರ್ ತೋಟಾದಿಂದ ಬಂದದ್ದು.

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವಂತಿಲ್ಲ. ಬಂದೂಕು ಇಟ್ಟುಕೊಳ್ಳುವ ಪರವಾನಗಿ ತೋಟಾ ತಯಾರಿಸುವ ಪರವಾನಗಿಯಲ್ಲ. 2019ರ ತಿದ್ದುಪಡಿ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ವಿಧಿಸುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಹೊಂದುವ ಪರವಾನಗಿಯಿಂದ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ಪೂಜೆ ಸಲ್ಲಿಸುತ್ತಾರೆ.

ಬೇಟೆಯ ಕಾಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಡನೆ ಮುಗಿಯಿತು. ಆಂಡರ್ಸನ್ ಓಡಾಡಿದ ಕಾಡುಗಳ ದೊಡ್ಡ ಪಾಲು 2014ರಿಂದ ಕಾವೇರಿ ಉತ್ತರ ವನ್ಯಜೀವಿ ಧಾಮವಾಗಿದೆ. ನದಿಯಾಚೆ ಕರ್ನಾಟಕದ ಕಾವೇರಿ ವನ್ಯಜೀವಿ ಧಾಮ 1987ರಿಂದಲೂ ಇದೆ. ಈ ಕಾಡಿನಲ್ಲಿ ಇಂದು ಖಾಲಿ ಕೊಳವೆಯೊಂದು ಸಿಕ್ಕರೆ ಅದು ಅಪರಾಧದ ಸಾಕ್ಷ್ಯ. ಕೇಪಿನ ಮೇಲೆ ಹೊಡೆಗಡ್ಡಿಯ ಗುಳಿ, ಬುಡದ ಮೇಲೆ ಬೋಲ್ಟಿನ ಅಚ್ಚು, ರಿಮ್ ಮೇಲೆ ಕೊಕ್ಕೆಯ ಗೀರು ಒಂದೊಂದು ಬಂದೂಕಿಗೂ ಬೇರೆಬೇರೆ. 1920ರ ದಶಕದಲ್ಲಿ ಅಮೆರಿಕದ ಕ್ಯಾಲ್ವಿನ್ ಗಾಡರ್ಡ್ ಮತ್ತು ಅವರ ಸಂಗಡಿಗರು ಬಳಕೆಗೆ ತಂದ ಹೋಲಿಕೆ ಸೂಕ್ಷ್ಮದರ್ಶಕದಲ್ಲಿ ವಿಧಿವಿಜ್ಞಾನಿಗಳು ಎರಡು ಕೊಳವೆಗಳ ಗುರುತುಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಮರುತುಂಬಿದ ಕೊಳವೆಯಲ್ಲಿ ಒಂದರ ಮೇಲೊಂದು ಕೊಕ್ಕೆಯ ಗೀರುಗಳಿರುತ್ತವೆ, ಡೈ ಮತ್ತು ಕತ್ತರಿಹಲ್ಲಿನ ಕುರುಹೂ ಉಳಿಯುತ್ತದೆ. ಕೊಳವೆ ಎಷ್ಟು ಸಲ ಬಳಕೆಯಾಗಿದೆ, ಯಾವ ಉಪಕರಣದಲ್ಲಿ ಹೆರೆಯಲಾಗಿದೆ ಎಂಬ ಪ್ರಶ್ನೆಗಳಿಗೆ ಅದರ ಉದ್ದ ಮತ್ತು ಬಾಯಂಚು ಸುಳಿವು ಕೊಡುತ್ತವೆ.

ಹೀಗೆ ಹಿತ್ತಾಳೆ ಕೊಳವೆಯ ಅಳತೆಗೆ ಎರಡು ಉಪಯೋಗಗಳಿವೆ. ಕಾನೂನುಬದ್ಧವಾಗಿ ತೋಟಾ ಮರುತುಂಬುವ ದೇಶಗಳಲ್ಲಿ ಅದು ಬಳಸುವವನ ಪ್ರಾಣ ಕಾಯುತ್ತದೆ. ಬೇಟೆಗೆ ತೆರೆ ಎಳೆದ ನಮ್ಮ ಕಾಡುಗಳಲ್ಲಿ ಅದು ಪ್ರಾಣಿಗಳ ಪರವಾಗಿ ಸಾಕ್ಷಿ ನುಡಿಯುತ್ತದೆ. ಎರಡಕ್ಕೂ ಬೇಕಾದದ್ದು ಶುದ್ಧ ಕೊಳವೆ, ಪರೀಕ್ಷಿಸಿದ ಉಪಕರಣ, ಪ್ರಾಮಾಣಿಕವಾಗಿ ಬರೆದಿಟ್ಟ ಅಂಕಿ.